ಗ್ಯಾಲರಿ ಗುಮಾಸ್ತರು: ಎರಡೂವರೆ ನಿಮಿಷದ ಆಟ, ಎರಡು ದಿನದ ಲೆಕ್ಕ

ಹಳೇ ಬಸ್ ಸ್ಟ್ಯಾಂಡ್ ಎದುರಿನ ಬಟ್ಟೆ ಅಂಗಡಿ ಯಜಮಾನರಿಗೆ ಒಂದು ಕೊರಗು. ಅಮೆರಿಕದ ಮಿಶಿಗನ್‌ನಲ್ಲಿ ಹೈಸ್ಕೂಲು ಓದುವ ಮೊಮ್ಮಗಳು ರೋಬೋಟ್ ಪಂದ್ಯಕ್ಕೆ ಸೇರಿದ್ದಾಳೆ ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗಿದ್ದರು. 2025ರ ಜುಲೈನಲ್ಲಿ ರಜೆಗೆ ಬಂದ ಹುಡುಗಿಯನ್ನು ಕೇಳಿದರೆ, ಆಕೆ ರೋಬೋಟ್ ಓಡಿಸುವವಳಲ್ಲ, ಸ್ಪ್ಯಾನರ್ ಹಿಡಿಯುವವಳೂ ಅಲ್ಲ. ಗ್ಯಾಲರಿಯಲ್ಲಿ ಕೂತು ಟ್ಯಾಬ್ಲೆಟ್ಟಿನಲ್ಲಿ ಲೆಕ್ಕ ಹಾಕುವವಳು! "ಅಷ್ಟು ದೂರ ಹೋಗಿ ಗುಮಾಸ್ತಿಕೆನಾ?" ಅಂತ ಯಜಮಾನರು ಗೊಣಗಿದ್ದು ನಮ್ಮ ಕಿವಿಗೂ ಬಿತ್ತು. ಹೋಗಿ ವಿಚಾರಿಸಿದೆವು. ಎರಡು ಟೀ ಆದರೂ ಕಥೆ ಮುಗಿಯಲಿಲ್ಲ.

ಪಂದ್ಯದ ಹೆಸರು ಫಸ್ಟ್ ರೋಬೋಟಿಕ್ಸ್ ಕಾಂಪಿಟಿಷನ್. ಡೀನ್ ಕೇಮನ್ ಎಂಬ ಸಂಶೋಧಕ 1989ರಲ್ಲಿ ಕಟ್ಟಿದ ಸಂಸ್ಥೆ ಇದನ್ನು ನಡೆಸುತ್ತದೆ. 1992ರಲ್ಲಿ ನ್ಯೂ ಹ್ಯಾಂಪ್‌ಷೈರ್‌ನ ಒಂದು ಹೈಸ್ಕೂಲಿನ ಆಟದ ಹಾಲಿನಲ್ಲಿ 28 ತಂಡಗಳಿಂದ ಶುರುವಾದದ್ದು, ಈಗ ಸಾವಿರಾರು ತಂಡಗಳ ಜಾತ್ರೆ. ಮಿಶಿಗನ್‌ನಲ್ಲಂತೂ 2009ರಿಂದ ನಮ್ಮ ಕಬಡ್ಡಿ ಥರ ಜಿಲ್ಲಾ ಮಟ್ಟ, ರಾಜ್ಯ ಮಟ್ಟ ಅಂತ ಮೆಟ್ಟಿಲು ಮಾಡಿದ್ದಾರೆ.

ರೋಬೋಟ್ ಅಂದರೆ ಆಟಿಕೆ ಅಂದುಕೊಳ್ಳಬೇಡಿ ಸ್ವಾಮಿ. 2025ರ ನಿಯಮದಲ್ಲಿ ಬ್ಯಾಟರಿ, ಬಂಪರು ಬಿಟ್ಟು 115 ಪೌಂಡಿನವರೆಗೆ, ಅಂದರೆ 52 ಕಿಲೋ. ಒಂದು ಮೂಟೆ ಅಕ್ಕಿಯ ತೂಕ. ಕೆಂಪು ಕಡೆ ಮೂರು, ನೀಲಿ ಕಡೆ ಮೂರು ಇಳಿಯುತ್ತವೆ. ಆಗ ಆಟ ಎರಡೂವರೆ ನಿಮಿಷದ್ದಾಗಿತ್ತು. ಆ ವರ್ಷ ಬಿಳಿ ಪೈಪಿನ ತುಂಡುಗಳನ್ನು ನಾಲ್ಕು ಎತ್ತರಗಳಲ್ಲಿ ಕೂರಿಸಬೇಕಿತ್ತು. ಕೆಳಗಿನದಕ್ಕೆ 2 ಅಂಕ, ತುತ್ತತುದಿಗೆ 5. ಕೊನೆಗೆ ತೂಗುಬಿಟ್ಟ ಪಂಜರ ಹಿಡಿದು ಮೇಲಕ್ಕೆ ನೇತಾಡಿದರೆ 12.

ಇಲ್ಲೇ ಇರುವುದು ಗಮ್ಮತ್ತು. ಯಾವ ಪಂದ್ಯದಲ್ಲಿ ಯಾರು ಯಾರ ಜೊತೆಗಾರರು ಎಂಬುದನ್ನು ಕಂಪ್ಯೂಟರು ಮೊದಲೇ ಹಂಚಿಬಿಡುತ್ತದೆ. ಕೆಟ್ಟ ಜೊತೆ ಸಿಕ್ಕರೆ ಒಳ್ಳೇ ರೋಬೋಟೂ ಪಟ್ಟಿಯಲ್ಲಿ ಪಾತಾಳಕ್ಕೆ. ಲೀಗ್ ಮುಗಿದ ಮೇಲೆ ಮೇಲಿನ ಎಂಟು ತಂಡಗಳ ನಾಯಕರು ಮೈದಾನದಲ್ಲಿ ನಿಂತು, ಮೈಕು ಹಿಡಿದು, ಇಬ್ಬಿಬ್ಬರು ಜೊತೆಗಾರರನ್ನು ಕರೆಯಬೇಕು. ಸುಮಾರು 40 ತಂಡ ಬಂದಿದ್ದರೆ 24 ಒಳಗೆ, ಉಳಿದ 16 ಗಂಟುಮೂಟೆ ಕಟ್ಟಬೇಕು. ಆ ಹೊತ್ತಿನಲ್ಲಿ ಪಟ್ಟಿಯ ನಂಬರು ನೋಡಿ ಕರೆದವನು ಕೆಟ್ಟ. ನಿಜವಾಗಿ ಯಾರು ಎಷ್ಟು ತುಂಡು ಸಿಕ್ಕಿಸಿದರು, ಯಾರು ಎಷ್ಟು ಸಲ ನಡುವೆ ಕೆಟ್ಟು ನಿಂತರು ಎಂಬ ಸ್ವಂತ ಲೆಕ್ಕ ಇದ್ದವನು ಗೆದ್ದ.

ಲೆಕ್ಕ ಎಷ್ಟು ಗೊತ್ತೇ? ತಲಾ 12 ಪಂದ್ಯ, 40 ತಂಡ, ಒಂದು ಸಲಕ್ಕೆ ಆರು ರೋಬೋಟ್. ಒಟ್ಟು 80 ಪಂದ್ಯ, 480 ಚೀಟಿ. ಅದೂ ಎರಡು ದಿನದಲ್ಲಿ. ಅದಕ್ಕೇ ತಂಡದ ಆರು ಮಕ್ಕಳು ಸಾಲಾಗಿ ಕೂತು, ತಲಾ ಒಂದೊಂದು ರೋಬೋಟಿನ ಮೇಲೆ ಕಣ್ಣಿಟ್ಟು, ಅಗ್ಗದ ಟ್ಯಾಬ್ಲೆಟ್ಟಿನ ಗುಂಡಿ ಒತ್ತುತ್ತಾರೆ. ಇದಕ್ಕೆ ಸ್ಕೌಟಿಂಗ್ ಎನ್ನುತ್ತಾರೆ.

ಆರು ಟ್ಯಾಬ್ಲೆಟ್ಟಿನ ಲೆಕ್ಕ ಒಂದು ಲ್ಯಾಪ್‌ಟಾಪಿಗೆ ಸೇರಬೇಕಲ್ಲ? ವೈಫೈ ಹಾಕಿದರಾಯಿತು ಅಂತೀರಿ. ಹಾಗೆ ಮಾಡುವಂತಿಲ್ಲ! ರೋಬೋಟುಗಳು ಓಡುವುದೇ ವೈಫೈ ಮೇಲೆ. ಗ್ಯಾಲರಿಯಲ್ಲಿ ತಂಡಕ್ಕೊಂದು ವೈಫೈ ಎಬ್ಬಿಸಿದರೆ ಕೆಳಗೆ ಗಾಳಿಯಲ್ಲಿ ಗದ್ದಲ. ಆದ್ದರಿಂದ ಸಭಾಂಗಣದಲ್ಲಿ ಯಾವ ತಂಡವೂ ಸ್ವಂತ ವೈಫೈ, ಫೋನಿನ ಹಾಟ್‌ಸ್ಪಾಟ್ ಸಹ ಹಾಕಕೂಡದು. ಇದು ಬರಿ ಬೆದರಿಕೆಯಲ್ಲ. 2012ರ ಏಪ್ರಿಲ್‌ನಲ್ಲಿ ಸೇಂಟ್ ಲೂಯಿಸ್‌ನಲ್ಲಿ ನಡೆದ ಅಂತಿಮ ಪಂದ್ಯಗಳಲ್ಲಿ ರೋಬೋಟುಗಳು ಒಂದರ ಮೇಲೊಂದು ನಿಂತಲ್ಲೇ ನಿಂತವು. ತನಿಖೆ ನಡೆಯಿತು, ವರದಿಯೂ ಹೊರಬಂತು. ಬೇರೆ ದೋಷಗಳ ಜೊತೆಗೆ, ಒಬ್ಬಾತ ತನ್ನ ಫೋನಿನಿಂದ ಬೇಕೆಂದೇ ರೋಬೋಟಿನ ವೈಫೈ ಬಾಗಿಲು ತಟ್ಟಿ ಸಂಪರ್ಕ ಕೆಡಿಸಿದ್ದು ಬಯಲಾಯಿತು. ವರ್ಷವಿಡೀ ದುಡಿದ ಮಕ್ಕಳ ಪಾಡೇನು, ನೀವೇ ಹೇಳಿ.

ಹೀಗಾಗಿ ಲೆಕ್ಕ ಸಾಗಿಸಲು ಮಕ್ಕಳು ಬೇರೆ ದಾರಿ ಹುಡುಕಿದ್ದಾರೆ. ಮೊದಲ ಕಾಲದ ಟಿಕೆಟ್ ಮಿಷಿನ್ ಹಿಡಿದ ನಮ್ಮ ಕಂಡಕ್ಟರು ದಿನವಿಡೀ ಟಿಕೆಟ್ ಹರಿದು, ಡಿಪೋಗೆ ಬಂದ ಮೇಲೆ ಲೆಕ್ಕ ಇಳಿಸುತ್ತಿದ್ದರಲ್ಲ, ಹಾಗೆ ವೈರು ಸಿಕ್ಕಿಸಿ ಇಳಿಸುವವರಿದ್ದಾರೆ. ಬ್ಲೂಟೂತ್ ಬಳಸುವವರಿದ್ದಾರೆ. ಬ್ಲೂಟೂತ್‌ನಲ್ಲಿ ಒಂದು ಯಂತ್ರ ಏಕಕಾಲಕ್ಕೆ ಏಳರ ಜೊತೆ ಮಾತಾಡಬಲ್ಲದು. ಟ್ಯಾಬ್ಲೆಟ್ ಆರು, ಸರಿಹೋಯಿತು. ಆದರೆ ಹುಡುಗಿಯ ತಂಡದ್ದು ನಮ್ಮ ಅಂಗಡಿಯವರಿಗೆಲ್ಲ ಗೊತ್ತಿರುವ ಉಪಾಯ: ಕ್ಯೂಆರ್ ಚೌಕ! ಆಟ ಮುಗಿದ ಕೂಡಲೇ ಟ್ಯಾಬ್ಲೆಟ್ಟಿನ ಮೇಲೆ ಆ ಪಂದ್ಯದ ಲೆಕ್ಕವೇ ಕಪ್ಪುಬಿಳುಪು ಚೌಕವಾಗಿ ಮೂಡುತ್ತದೆ. ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ತೋರಿಸಿದರೆ ಆಯಿತು. ನಿಮ್ಮ ಗಲ್ಲಾ ಮುಂದಿನ ಚೌಕ ವರ್ಷವಿಡೀ ಅದೇ. ಅಲ್ಲಿ ಪಂದ್ಯಕ್ಕೊಂದು ಹೊಸದು. ಅಂದಹಾಗೆ ಈ ಚೌಕ ಹುಟ್ಟಿದ್ದು 1994ರಲ್ಲಿ, ಜಪಾನಿನ ಕಾರು ಬಿಡಿಭಾಗಗಳ ಕಾರ್ಖಾನೆಯಲ್ಲಿ ಲೆಕ್ಕ ಇಡಲಿಕ್ಕೆ.

ಇಷ್ಟೆಲ್ಲ ಮಾಡಿದರೂ ಒತ್ತುವ ಬೆರಳು ಮನುಷ್ಯರದ್ದೇ ತಾನೇ. ನಲವತ್ತನೇ ಪಂದ್ಯದ ಹೊತ್ತಿಗೆ ಆಕಳಿಕೆ, ಪಕ್ಕದವರ ಜೊತೆ ಹರಟೆ. ತಪ್ಪು ಹಿಡಿಯಲು ಒಂದು ತಾಳೆ ಇದೆ. ಒಂದು ಕಡೆಯ ಮೂರು ರೋಬೋಟಿನ ಎಣಿಕೆ ಕೂಡಿದರೆ ಆಯೋಜಕರು ಪ್ರಕಟಿಸುವ ಅಧಿಕೃತ ಲೆಕ್ಕಕ್ಕೆ ಸರಿಹೊಂದಬೇಕು. ಮೊದಲ ದಿನ ರಾತ್ರಿ ಹುಡುಗಿಯ ತಂಡ ತಾಳೆ ನೋಡಿದಾಗ ಒಂದು ಪಂದ್ಯದಲ್ಲಿ ಏಳು ತುಂಡು ಕಾಣೆ! ವಿಡಿಯೋ ಹಾಕಿ ನೋಡಿದರು. ಬರೆಯಬೇಕಿದ್ದ ರೋಬೋಟ್ ಬಿಟ್ಟು, ಅದೇ ಕೆಂಪು ಬಂಪರಿನ ಪಕ್ಕದ ರೋಬೋಟ್ ನೋಡಿ ಯಾರೋ "ಕೆಟ್ಟು ನಿಂತಿತು" ಅಂತ ಒತ್ತಿಬಿಟ್ಟಿದ್ದರು. ಕೆಟ್ಟದ್ದು ಪಕ್ಕದ್ದು. ನಿಜವಾದದ್ದು ಸದ್ದಿಲ್ಲದೆ ಏಳು ತುಂಡು ಸಿಕ್ಕಿಸಿತ್ತು.

ಆ "ಯಾರೋ" ನಾನೇ ಎಂದು ಹುಡುಗಿ ತಾತನ ಮುಖ ನೋಡದೆ ಹೇಳಿದಳು.

ಆ ರಾತ್ರಿ ಕಪ್ಪುಚುಕ್ಕೆ ಅಳಿಸಿದರು. ಮರುದಿನದ ಪಂದ್ಯಗಳೂ ಮುಗಿದಾಗ ಆ ರೋಬೋಟ್ ಅಧಿಕೃತ ಪಟ್ಟಿಯಲ್ಲಿ 31ನೇದು, ಇವರ ಪಟ್ಟಿಯಲ್ಲಿ ಒಂಬತ್ತನೇದು. ಇವರ ತಂಡ ಏಳನೇ ನಾಯಕ. ಎರಡನೇ ಸುತ್ತಿನ ಕರೆ ಎಂಟರಿಂದ ಹಿಂದಕ್ಕೆ ಬರುವುದರಿಂದ ಇವರ ಸರದಿ ಬೇಗ ಬಂತು. 31ನೇ ನಂಬರಿನವರನ್ನು ಕರೆದಾಗ ಆ ಮಕ್ಕಳು ಆಗಲೇ ಸಾಮಾನು ಪೆಟ್ಟಿಗೆಗೆ ಬೀಗ ಹಾಕುತ್ತಿದ್ದರಂತೆ. ಓಡಿ ಬಂದರು. ಎರಡು ಸಲ ಸೋತರೆ ಹೊರಗೆ ಎಂಬ ನಾಕೌಟ್‌ನಲ್ಲಿ ನಾಲ್ಕನೇ ಸುತ್ತಿನವರೆಗೆ ನಡೆದು, ಅಲ್ಲಿ ಹೊರಬಿದ್ದರು.

ಟ್ಯಾಬ್ಲೆಟ್ ಕೈಕೊಟ್ಟರೆ? ಬ್ಯಾಗಿನಲ್ಲಿ ಕಾಗದದ ಫಾರಂ, ಪೆನ್ಸಿಲ್ ಇದ್ದೇ ಇರುತ್ತದಂತೆ. ಗ್ಯಾಲರಿಯಲ್ಲಿ ಚಾರ್ಜಿಗೆ ಪ್ಲಗ್ಗು ಸಿಗುವುದು ಕಷ್ಟ ನೋಡಿ.

ಯಜಮಾನರ ಗೊಣಗಾಟ ಈಗ ನಿಂತಿದೆ. ಹುಡುಗಿ ವಾಪಸು ಹೊರಡುವ ಮೊದಲು ಒಂದು ಸಂತೆ ದಿನ ಆಕೆಯನ್ನೇ ಬಾಗಿಲ ಬಳಿ ಕೂರಿಸಿ, ಯಾವ ಕೌಂಟರಿನಿಂದ ಎಷ್ಟು ಗಿರಾಕಿಗಳು ಬರಿಗೈಲಿ ಹೋದರು ಎಂದು ಎಣಿಸಿದ್ದಾರೆ. ಎಷ್ಟು ಬಂತು ಎಂದು ಕೇಳಿದರೆ ಮಾತ್ರ, "ಟೀ ತಗೊಳ್ಳಿ" ಅನ್ನುತ್ತಾರೆ.