ಮಾರುಕಟ್ಟೆಯ ಎಲ್ಲೆಯನ್ನು ಗುರುತಿಸುವವರಾರು?

ಗದಗು ಸೀಮೆಯ ಬಾಳೆಹೊಸೂರ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹೊಲಗಳಲ್ಲಿ ಬೆಳೆದ ಶೇಂಗಾ, ಹತ್ತಿ, ಗೋವಿನಜೋಳಗಳ ಕ್ರಯವಿಕ್ರಯ ನಡೆಯುವ ಪೇಟೆಗೆ ಶಾಸನವೇ ಎಲ್ಲೆಯನ್ನು ಗೊತ್ತುಮಾಡಿದೆ. ಗದಗು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ 1927ರ ಹತ್ತಿ ಮಾರುಕಟ್ಟೆಗಳ ಕಾಯಿದೆಯೂ 1939ರ ಕೃಷಿ ಉತ್ಪನ್ನ ಮಾರುಕಟ್ಟೆಗಳ ಕಾಯಿದೆಯೂ ಬಂದವು; ಅನಂತರ ಆ ಸ್ಥಾನವನ್ನು ವಹಿಸಿದ್ದು 1966ರ ಕರ್ನಾಟಕ ಕಾಯಿದೆ. ಇಂತಿಂಥ ಸೀಮೆಯನ್ನು ಮಾರುಕಟ್ಟೆ ಪ್ರದೇಶವೆಂದು ಸಾರುವ ಉದ್ದೇಶವನ್ನು ಸರಕಾರವು ಮೊದಲು ಅಧಿಸೂಚನೆಯ ಮೂಲಕ ಪ್ರಕಟಿಸಿ, ಜನರ ಆಕ್ಷೇಪಣೆ ಸಲಹೆಗಳನ್ನು ಆಹ್ವಾನಿಸಿ, ಅವುಗಳನ್ನು ಪರಿಶೀಲಿಸಿದ ಮೇಲೆಯೇ ಘೋಷಣೆ ಮಾಡಬೇಕೆಂಬುದು ಈ ಕಾಯಿದೆಯ ಕ್ರಮ. ಎಪಿಎಂಸಿ ಎಂದು ಎಲ್ಲರೂ ಕರೆಯುವ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಅಧಿಕಾರವು ಆ ಘೋಷಣೆಯಿಂದಲೇ ಹುಟ್ಟುತ್ತದೆ.

ಆದರೆ ಇದೇ ಸೀಮೆಯನ್ನು ಒಳಗೊಂಡ ಭಾರತ ದೇಶವನ್ನು ಜಗತ್ತಿನ ಹಣಕಾಸಿನ ದಸ್ತಾವೇಜುಗಳು 'ಉದಯೋನ್ಮುಖ ಮಾರುಕಟ್ಟೆ' ಎಂದು ವರ್ಗೀಕರಿಸುವಾಗ ಅಂಥ ಅಧಿಸೂಚನೆಯಾಗಲಿ ಸರ್ವಸಮ್ಮತವಾದ ಶಾಸನವಾಗಲಿ ಇಲ್ಲ. ವಿಶ್ವಬ್ಯಾಂಕ್ ಸಮೂಹಕ್ಕೆ ಸೇರಿದ ಅಂತರರಾಷ್ಟ್ರೀಯ ಹಣಕಾಸು ನಿಗಮದಲ್ಲಿದ್ದ ಆಂಟ್ವಾನ್ ವಾನ್ ಆಗ್ಟ್‌ಮಾಲ್ ಎಂಬ ಅರ್ಥಶಾಸ್ತ್ರಜ್ಞರು 1981ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಅಂದಿನಿಂದ ಇದಕ್ಕೆ ಒಂದೇ ನಿಶ್ಚಿತವಾದ ಲಕ್ಷಣವು ಏರ್ಪಡಲಿಲ್ಲ. ಪ್ರತಿಯೊಂದು ಸಂಸ್ಥೆಯೂ ತನ್ನ ಪ್ರಯೋಜನಕ್ಕೆ ಅನುಗುಣವಾಗಿ ತನ್ನದೇ ಆದ ಅಳತೆಗೋಲನ್ನು ಹಿಡಿಯಿತು.

ವಿಶ್ವಬ್ಯಾಂಕ್ ದೇಶಗಳನ್ನು ತಲಾ ರಾಷ್ಟ್ರೀಯ ಆದಾಯದ ಆಧಾರದ ಮೇಲೆ ಕೆಳ, ಕೆಳಮಧ್ಯಮ, ಮೇಲ್ಮಧ್ಯಮ, ಮೇಲು ಎಂದು ನಾಲ್ಕು ವರ್ಗಗಳನ್ನಾಗಿ ವಿಂಗಡಿಸುತ್ತದೆ. ಷೇರು ಸೂಚ್ಯಂಕಗಳನ್ನು ರಚಿಸುವ ಎಂಎಸ್‌ಸಿಐ ಸಂಸ್ಥೆಯು 1988ರಲ್ಲಿ ಉದಯೋನ್ಮುಖ ಮಾರುಕಟ್ಟೆಗಳ ಸೂಚ್ಯಂಕವನ್ನು ಆರಂಭಿಸಿತು. ಆರ್ಥಿಕ ಅಭಿವೃದ್ಧಿ, ಷೇರುಪೇಟೆಯ ಗಾತ್ರ ಮತ್ತು ವಹಿವಾಟಿನ ಸರಾಗತೆ, ವಿದೇಶೀ ಹೂಡಿಕೆದಾರನಿಗೆ ಅಲ್ಲಿ ದೊರೆಯುವ ಪ್ರವೇಶದ ಸೌಲಭ್ಯ ಎಂಬ ಮೂರನ್ನು ಅದು ಪರೀಕ್ಷಿಸುತ್ತದೆ. ಅಳತೆಗೋಲು ಬೇರೆಯಾದರೆ ತೀರ್ಪೂ ಬೇರೆಯಾಗುವುದೆಂಬುದಕ್ಕೆ ದಕ್ಷಿಣ ಕೊರಿಯವೇ ಸಾಕ್ಷಿ: ಎಂಎಸ್‌ಸಿಐಯ ಲೆಕ್ಕದಲ್ಲಿ ಉದಯೋನ್ಮುಖವಾಗಿರುವ ಆ ದೇಶವು ಎಫ್‌ಟಿಎಸ್‌ಇ ಸಂಸ್ಥೆಯ ಲೆಕ್ಕದಲ್ಲಿ 2009ರಿಂದಲೇ ಅಭಿವೃದ್ಧ ಮಾರುಕಟ್ಟೆಯಾಗಿದೆ. ಒಮ್ಮೆ ಏರಿದ ದೇಶವು ಇಳಿಯಲಾರದೆಂದೂ ಹೇಳುವಂತಿಲ್ಲ. ಗ್ರೀಸ್ ದೇಶವನ್ನು 2013ರಲ್ಲಿ ಎಂಎಸ್‌ಸಿಐ ಅಭಿವೃದ್ಧರ ಪಂಕ್ತಿಯಿಂದ ಉದಯೋನ್ಮುಖರ ಪಂಕ್ತಿಗೆ ಇಳಿಸಿತು.

ಹೀಗಿರುವಾಗ ಹೂಡಿಕೆ ನಿಧಿಗಳ ಮಾಹಿತಿ ಪತ್ರವನ್ನೋ ಒಪ್ಪಂದವನ್ನೋ ಬರೆಯುವ ನ್ಯಾಯವಾದಿಯು ಪದವನ್ನು ಅದರ ಪಾಡಿಗೆ ಬಿಡಲಾರನಾದ್ದರಿಂದ, ದಸ್ತಾವೇಜಿನ ಮೊದಲಲ್ಲಿಯೇ ವ್ಯಾಖ್ಯಾನದ ಕಲಮೊಂದನ್ನು ಸೇರಿಸುತ್ತಾನೆ. ಕೆಲವೆಡೆ ದೇಶಗಳ ಹೆಸರುಗಳನ್ನೇ ಪಟ್ಟಿ ಮಾಡಿರುತ್ತದೆ. ಕೆಲವೆಡೆ ಇಂತಹ ಸೂಚ್ಯಂಕದಲ್ಲಿರುವ ದೇಶಗಳೆಂದೋ, ವಿಶ್ವಬ್ಯಾಂಕಿನ ಇಂತಹ ವರ್ಗದ ದೇಶಗಳೆಂದೋ ಬರೆದಿರುತ್ತದೆ. ಇನ್ನು ಕೆಲವೆಡೆ ನಿಧಿಯ ವ್ಯವಸ್ಥಾಪಕನು ಉದಯೋನ್ಮುಖವೆಂದು ಭಾವಿಸುವ ಯಾವುದೇ ದೇಶವೆಂದು ಅವನ ವಿವೇಚನೆಗೇ ಬಿಟ್ಟಿರುತ್ತದೆ. ಕೊನೆಯ ವಾಕ್ಯವು ಚಿಕ್ಕದಾದರೂ ಅದು ಕೊಡುವ ಅಧಿಕಾರ ಚಿಕ್ಕದಲ್ಲ.

ದೇಶದ ಪ್ರಶ್ನೆಯು ತೀರಿದ ಮೇಲೆ ಕಂಪನಿಯ ಪ್ರಶ್ನೆ ಏಳುವುದು, ಮತ್ತು ಇದರ ಜಟಿಲತೆಯನ್ನು ಅರಿಯಲು ಕನ್ನಡನಾಡಿನಿಂದಾಚೆಗೆ ಹೋಗಬೇಕಾಗಿಲ್ಲ. 'ಉದಯೋನ್ಮುಖ ಮಾರುಕಟ್ಟೆ' ಎಂಬ ಹೆಸರು ಹುಟ್ಟಿದ 1981ರಲ್ಲಿಯೇ ಪುಣೆಯಲ್ಲಿ ಆರಂಭವಾಗಿ, ಬೆಂಗಳೂರನ್ನು ಕೇಂದ್ರವಾಗಿಸಿಕೊಂಡ ಇನ್ಫೋಸಿಸ್ ಸಂಸ್ಥೆಯು 1999ರ ಮಾರ್ಚಿನಲ್ಲಿ ಅಮೆರಿಕದ ನಾಸ್ಡಾಕ್ ಪೇಟೆಯಲ್ಲಿ ತನ್ನ ಡಿಪಾಸಿಟರಿ ಷೇರುಗಳನ್ನು ದಾಖಲಿಸಿತು. 2012ರಲ್ಲಿ ಆ ದಾಖಲೆಯನ್ನು ನ್ಯೂಯಾರ್ಕ್ ಷೇರುಪೇಟೆಗೆ ವರ್ಗಾಯಿಸಿತು. ಇದರ ಆದಾಯದ ಅರ್ಧಕ್ಕಿಂತ ಹೆಚ್ಚು ಪಾಲು ಉತ್ತರ ಅಮೆರಿಕದಿಂದ ಬರುತ್ತದೆ. ಕಂಪನಿಯು ಯಾವ ದೇಶದ ಕಾನೂನಿನಡಿ ನೋಂದಾಯಿತವಾಗಿದೆ ಎಂದು ಕೇಳಿದರೆ ಇದು ಉದಯೋನ್ಮುಖ ಮಾರುಕಟ್ಟೆಯ ಕಂಪನಿ. ಆದಾಯದ ಅರ್ಧಭಾಗವು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಅಲ್ಲ. ಆದುದರಿಂದ ಅನೇಕ ದಸ್ತಾವೇಜುಗಳು ನೋಂದಣಿ, ಪ್ರಧಾನ ವ್ಯವಹಾರಸ್ಥಾನ, ಆದಾಯ, ಆಸ್ತಿ ಎಂಬ ಹಲವು ಪರೀಕ್ಷೆಗಳನ್ನು ಒಡ್ಡಿ, ಅವುಗಳಲ್ಲಿ ಯಾವುದಾದರೊಂದು ಸಲ್ಲಿದರೆ ಸಾಕೆನ್ನುತ್ತವೆ. 'ಮತ್ತು' ಎಂಬಲ್ಲಿ 'ಅಥವಾ' ಎಂದು ಬರೆದ ಮಾತ್ರದಿಂದ ಹೊರಗುಳಿಯುತ್ತಿದ್ದ ಕಂಪನಿಯೊಂದು ನಿಧಿಯ ಒಳಗೆ ಬರಬಹುದು.

ಇದು ಪಂಡಿತರ ಶಬ್ದವಿಚಾರವಷ್ಟೇ ಎಂದು ಕಡೆಗಣಿಸಲಾಗದು. ಅಮೆರಿಕದ ಷೇರುಪೇಟೆ ನಿಯಂತ್ರಕ ಆಯೋಗದ 2001ರ ನಿಯಮದ ಪ್ರಕಾರ, ತನ್ನ ಹೆಸರಿನಲ್ಲಿ ಒಂದು ದೇಶವನ್ನೋ ಒಂದು ಬಗೆಯ ಹೂಡಿಕೆಯನ್ನೋ ಸೂಚಿಸುವ ನಿಧಿಯು ಆಸ್ತಿಯ ಶೇಕಡಾ 80ನ್ನಾದರೂ ಅದರಲ್ಲಿಯೇ ತೊಡಗಿಸಬೇಕು; ಆ ಶೇಕಡಾ 80ರೊಳಗೆ ಏನೇನು ಸಲ್ಲುವುದೆಂಬುದನ್ನು ವ್ಯಾಖ್ಯಾನವೇ ನಿಶ್ಚಯಿಸುತ್ತದೆ. ಭಾರತದ ಅನುಭವವೂ ಇದನ್ನೇ ಹೇಳುತ್ತದೆ: ವಿದೇಶೀಯರು ಮಿತಿಯಿಲ್ಲದೆ ಕೊಳ್ಳಬಹುದಾದ ಸರಕಾರೀ ಸಾಲಪತ್ರಗಳ ಮಾರ್ಗವನ್ನು ರಿಸರ್ವ್ ಬ್ಯಾಂಕ್ 2020ರಲ್ಲಿ ತೆರೆದ ಮೇಲೆ, ಜೆ.ಪಿ. ಮಾರ್ಗನ್ ಸಂಸ್ಥೆಯು 2024ರ ಜೂನಿನಿಂದ ಅವುಗಳನ್ನು ತನ್ನ ಉದಯೋನ್ಮುಖ ಮಾರುಕಟ್ಟೆಗಳ ಸಾಲಪತ್ರ ಸೂಚ್ಯಂಕಕ್ಕೆ ಸೇರಿಸತೊಡಗಿ, ಭಾರತದ ಪಾಲನ್ನು ಕ್ರಮಕ್ರಮವಾಗಿ ಶೇಕಡಾ 10ರವರೆಗೆ ಏರಿಸಲು ನಿಶ್ಚಯಿಸಿತು. ಆ ಸೂಚ್ಯಂಕವನ್ನು ಅನುಸರಿಸುವ ಹಣವು ನಮ್ಮ ದೇಶದತ್ತ ಹರಿಯಲು ಇಷ್ಟು ಸಾಕಾಯಿತು.

ಮಾರುಕಟ್ಟೆ ಪ್ರದೇಶದ ಅಧಿಸೂಚನೆಗೆ ಆಕ್ಷೇಪಣೆ ಸಲ್ಲಿಸುವ ಅವಕಾಶವನ್ನು ನಮ್ಮ ಶಾಸನವು ರೈತನಿಗೆ ಕೊಟ್ಟಿದೆ. ಖಾಸಗಿ ದಸ್ತಾವೇಜಿನ ವ್ಯಾಖ್ಯಾನಕ್ಕೆ ಅಂಥ ಅವಕಾಶವಿಲ್ಲ, ಸಹಿ ಮಾಡುವ ಮುನ್ನ ಓದುವುದೊಂದೇ ಅಲ್ಲಿ ನಮಗೆ ಉಳಿದಿರುವ ಅಧಿಕಾರ. ಮ್ಯೂಚುವಲ್ ಫಂಡಿನಲ್ಲಿ ತಿಂಗಳ ಉಳಿತಾಯವನ್ನು ಇಡುವ ಶಿಕ್ಷಕನಾಗಲಿ ವ್ಯಾಪಾರಿಯಾಗಲಿ ಲಾಭದ ಪುಟವನ್ನು ನೋಡುವ ಮೊದಲು ವ್ಯಾಖ್ಯಾನದ ಪುಟವನ್ನು ನೋಡಲಿ: ದೇಶವನ್ನು ಯಾರು ನಿರ್ಣಯಿಸುತ್ತಾರೆ, ಯಾವ ಪರೀಕ್ಷೆಯಿಂದ, ಆ ನಿರ್ಣಯವನ್ನು ಯಾವಾಗ ಬದಲಾಯಿಸಬಲ್ಲರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವು ದೊರೆಯದಿದ್ದಲ್ಲಿ, ತನ್ನ ಹಣ ಎಲ್ಲಿಗೆ ಹೋಗುತ್ತಿದೆಯೆಂಬುದು ಅವನಿಗೆ ಇನ್ನೂ ತಿಳಿದಿಲ್ಲವೆಂದೇ ಅರ್ಥ.