ಒಲೆಯ ಮಗ್ಗುಲ ಸಾಕೆಟ್ಟು

ಅಡುಗೆಮನೆಯನ್ನು ಹೊಸದು ಮಾಡಿಸಹೊರಟ ಗೃಹಸ್ಥರು ಕಟ್ಟೆಗೆ ಯಾವ ಕಲ್ಲು, ಗೋಡೆಗೆ ಯಾವ ಬಣ್ಣದ ಟೈಲು ಎಂಬುದನ್ನು ತಿಂಗಳುಗಟ್ಟಲೆ ಆಲೋಚಿಸುವರು. ಸಾಕೆಟ್ಟು ಎಲ್ಲಿರಬೇಕೆಂಬುದನ್ನು ಮಾತ್ರ ಎಲೆಕ್ಟ್ರಿಷಿಯನ್ನನು ಉಳಿ ಸುತ್ತಿಗೆ ಹಿಡಿದು ನಿಂತ ಗಳಿಗೆಯಲ್ಲಿ, ಬಾಗಿಲಿನಿಂದಲೇ ಕೈತೋರಿಸಿ ಹೇಳಿಬಿಡುವರು. ದಿನಕ್ಕೆ ಮೂರು ಹೊತ್ತು ಒಲೆಯ ಮುಂದೆ ನಿಲ್ಲತಕ್ಕವರನ್ನು ಕೇಳುವುದಂತೂ ಅಪರೂಪ. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬಯಸುತ್ತೇವೆ.

ನಮ್ಮ ನಾಡಿಗೆ ವಿದ್ಯುಚ್ಛಕ್ತಿಯು ಬಂದುದು ಅಡುಗೆಗಾಗಿ ಅಲ್ಲವಷ್ಟೆ. ಶಿವನಸಮುದ್ರದ ಶಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿನ ದೀಪಗಳಿಗೂ ಹರಿಯಿತು. ಆಮೇಲೂ ಬಹುಕಾಲ, ಮನೆಯೊಳಗೆ ಅದು ದೀಪಕ್ಕೂ ಪಂಖಕ್ಕೂ ಸಾಕೆಂಬ ಎಣಿಕೆಯಿಂದಲೇ ತಂತಿ ಎಳೆಯುತ್ತಿದ್ದರು. ಹಳೆಯ ಅಡುಗೆಮನೆಯಲ್ಲಿ ಒಂದೇ ಒಂದು ಸಣ್ಣ ಸಾಕೆಟ್ಟು ಕಾಣುವುದು ಇದರಿಂದಲೇ. ಈಗಲಾದರೋ 2,000 ವ್ಯಾಟಿನ ಇಂಡಕ್ಷನ್ ಒಲೆಯೊಂದೇ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರುಗಳನ್ನು ಎಳೆಯುವುದು. ಸಣ್ಣ ಸಾಕೆಟ್ಟು ತಾಳುವುದು 6 ಮಾತ್ರ. ದೊಡ್ಡ ಪ್ಲಗ್ಗನ್ನು ಕನ್ವರ್ಟರಿನ ಮೂಲಕ ಅದಕ್ಕೆ ತುರುಕಿದರೆ ಕೆಲಸವೇನೋ ನಡೆಯುವುದು, ಸಾಕೆಟ್ಟು ಕಪ್ಪಾಗುವವರೆಗೆ. ಇಂಥ ಒಲೆಗೆ 16 ಆಂಪಿಯರಿನ ಸಾಕೆಟ್ಟೂ, 2.5 ಚದರ ಮಿಲಿಮೀಟರಿಗೆ ಕಡಮೆಯಿಲ್ಲದ, ಸಾಧ್ಯವಾದರೆ 4ರ, ತಾಮ್ರದ ತಂತಿಯೂ, ವಿತರಣೆಯ ಪೆಟ್ಟಿಗೆಯಿಂದ ಬಂದ ಪ್ರತ್ಯೇಕ ದಾರಿಯೂ ಬೇಕು.

ಇನ್ನು ಸ್ಥಳದ ಮಾತು. ಗ್ಯಾಸಿನ ಒಲೆಯ ನೇರ ಹಿಂದೆ ಅಥವಾ ಮೇಲೆ ಸಾಕೆಟ್ಟು ಇರಲೇಕೂಡದು. ಅಲ್ಲಿ ಬಿಸಿಗಾಳಿ, ಒಗ್ಗರಣೆಯ ಜಿಡ್ಡು, ಅನ್ನದ ಹಬೆ ಮೂರೂ ಸೇರುವುವು. ಸಾಮಾನ್ಯ ಪಿ.ವಿ.ಸಿ. ಹೊದಿಕೆಯ ತಂತಿಯನ್ನು 70 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆಂದು ಮಾಡಿರುತ್ತಾರೆ. ಆದರೆ ಇವೆಲ್ಲಕ್ಕಿಂತ ಮುಖ್ಯವಾದುದು ಕೈ. ಕುದಿಯುವ ಹುಳಿಯ ಮೇಲೆ, ಕಾದ ಎಣ್ಣೆಯ ಬಾಣಲೆಯ ಮೇಲೆ ಕೈಚಾಚಿ ಸ್ವಿಚ್ಚನ್ನು ಒತ್ತಬೇಕಾದರೆ ಸೆರಗು ಉರಿಗೆ ತಗುಲಲು ಒಂದು ನಿಮಿಷ ಬೇಡ. ಮಿಕ್ಸಿಯ ವೈರು ಉರಿಯ ಮೇಲೆ ತೂಗಾಡುವುದೂ ಇಂಥ ಸಾಕೆಟ್ಟಿನಿಂದಲೇ. ಒಲೆಯ ಅಂಚಿನಿಂದ ಅಡ್ಡಲಾಗಿ ಒಂದಡಿಯಾದರೂ ಸರಿದಿರಲಿ. ಎರಡಡಿಯಾದರೆ ಇನ್ನೂ ಲೇಸು. ಪಾತ್ರೆ ತೊಳೆಯುವ ಸಿಂಕಿನಿಂದಲೂ ಹೀಗೆಯೇ ದೂರವಿರಬೇಕು. ಕಟ್ಟೆಯ ಮೇಲೆ ಒಂದು ಗೇಣು ಎತ್ತರದಲ್ಲಿದ್ದರೆ ಚೆಲ್ಲಿದ ನೀರು ತಾಗದು. ಸಿಲಿಂಡರಿನ ಪಕ್ಕದಲ್ಲಿ, ಕಟ್ಟೆಯ ಕೆಳಗೆ, ಬೇಡವೇ ಬೇಡ: ಅಡುಗೆಯ ಗ್ಯಾಸು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲದ ಬಳಿಯೇ ತಂಗುವುದು, ಸ್ವಿಚ್ಚಿನ ಒಂದು ಕಿಡಿ ಸಾಕು.

ನವೀಕರಣದಲ್ಲಿ ಒಲೆಯ ಜಾಗವು ಬದಲಾಗುವುದುಂಟು. ಮೊದಲು ಮೂಲೆಯಲ್ಲಿ ನಿರಪಾಯವಾಗಿದ್ದ ಸಾಕೆಟ್ಟು ಈಗ ಹೊಸ ಒಲೆಯ ಬೆನ್ನಿಗೆ ಬಂದು ನಿಲ್ಲುವುದು. ಆಗ ಕೆಲಸಗಾರರು ಹೇಳುವ ಉಪಾಯವೆಂದರೆ, ತಂತಿಯ ತುದಿಗೆ ಟೇಪು ಸುತ್ತಿ ಮೇಲೆ ಟೈಲು ಅಂಟಿಸುವುದು. ಇದಕ್ಕೆ ಮನೆಯವರು ಒಪ್ಪಲಾಗದು. ಎರಡು ವರ್ಷಗಳ ತರುವಾಯ ಸೌಟಿನ ಪಟ್ಟಿಗೆಂದು ಯಾರೋ ಅಲ್ಲಿಯೇ ಗೋಡೆ ಕೊರೆಯುವರು. ಒಳಗೆ ಜೀವಂತ ತಂತಿಯಿರುವುದು ಅವರಿಗೇನು ಗೊತ್ತು? ಬೇಡವಾದ ತಂತಿಯನ್ನು ಅದು ಹೊರಟ ಕಡೆಯಲ್ಲಿಯೇ ಕಳಚಿ ಹೊರಗೆಳೆಯಿಸಬೇಕು. ಅದೇ ತಂತಿಯು ಮುಂದಣ ಸಾಕೆಟ್ಟಿಗೂ ಹೋಗುವುದಾದರೆ ಹೊಸ ದಾರಿಯನ್ನು ಕೊರೆಸಬೇಕು. ಗಾರೆಯೊಳಗೆ ಗಂಟು ಹಾಕಿ ಮುಚ್ಚುವುದು ಸಲ್ಲದು. ಗಂಟು ಎಲ್ಲಿದ್ದರೂ ತೆರೆಯಬಹುದಾದ ಮುಚ್ಚಳದ ಪೆಟ್ಟಿಗೆಯೊಳಗಿರಬೇಕು. ಖರ್ಚು ಹೆಚ್ಚೆಂದು ಮೇಸ್ತ್ರಿಯು ಗೊಣಗಬಹುದು, ಗೊಣಗಲಿ. ಟೈಲು ಅಂಟಿಸುವ ಮುನ್ನ ಗೋಡೆಯ ಫೋಟೋಗಳನ್ನು ತೆಗೆದಿರಿಸಿಕೊಂಡರೆ ತಂತಿಯ ಹಾದಿಯು ಎಂದಿಗೂ ತಿಳಿದಿರುವುದು.

ಪೆಟ್ಟಿಗೆಯಲ್ಲಿ ಎಂ.ಸಿ.ಬಿ. ಇದೆಯಲ್ಲಾ ಎನ್ನುವವರಿದ್ದಾರೆ. ಅದು ಮಿತಿಮೀರಿದ ಪ್ರವಾಹದಿಂದ ತಂತಿಯನ್ನು ಕಾಯುವುದು, ಒದ್ದೆಗೈಯಿಂದ ಮುಟ್ಟಿದವರನ್ನಲ್ಲ. ಮನುಷ್ಯನ ಪ್ರಾಣಕ್ಕೆ ಆಂಪಿಯರಿನ ಸಣ್ಣದೊಂದು ಅಂಶವೇ ಸಾಕು. ಅದಕ್ಕಾಗಿ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ.ಯನ್ನು ಹಾಕಿಸಬೇಕು, ಅರ್ತಿನ ತಂತಿಯೂ ನಿಜವಾಗಿ ಭೂಮಿಯನ್ನು ಸೇರಿರಬೇಕು. ಇದನ್ನು ಅನುಜ್ಞಾಪತ್ರವುಳ್ಳ ಎಲೆಕ್ಟ್ರಿಷಿಯನ್ನನಿಂದ ಅಳತೆ ಮಾಡಿಸಿಯೇ ಹಣ ಕೊಡಿರಿ. ಆರ್.ಸಿ.ಸಿ.ಬಿ.ಯ ಮೇಲೆ ಪರೀಕ್ಷೆಗೆಂದು ಸಣ್ಣ ಗುಂಡಿಯೊಂದಿರುವುದು. ತಿಂಗಳಿಗೊಮ್ಮೆ ಅದನ್ನು ಒತ್ತಿ ನೋಡಿರಿ. ಸಂಪರ್ಕವು ಕೂಡಲೆ ಕಡಿಯದಿದ್ದರೆ ಅಂದೇ ಅವನನ್ನು ಕರೆಯಿಸಿರಿ.