ಬೊಜ್ಜಿನ ಶಸ್ತ್ರಚಿಕಿತ್ಸೆಯ ನಂತರ ತೂಕದ ಇಳಿಕೆ ನಿಂತಾಗ

ಅತಿಯಾದ ಬೊಜ್ಜಿನ ನಿವಾರಣೆಗಾಗಿ ಜಠರದ ಶಸ್ತ್ರಚಿಕಿತ್ಸೆಗೆ ಒಳಗಾದವರು ಈಗ ನಮ್ಮ ಬಂಧುಬಳಗದಲ್ಲಿಯೂ ಕಾಣಸಿಗುತ್ತಾರೆ. ಹಲವು ವರ್ಷಗಳ ಪಥ್ಯ, ವ್ಯಾಯಾಮ, ಔಷಧಗಳಿಗೆ ಜಗ್ಗದ ತೂಕ ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ಕಣ್ಣೆದುರಿಗೇ ಇಳಿಯತೊಡಗುತ್ತದೆ. ಮನೆಮಂದಿಯೆಲ್ಲ ಸಮಾಧಾನದ ಉಸಿರು ಬಿಡುತ್ತಾರೆ. ಆದರೆ ಮೂರನೆಯ ಅಥವಾ ನಾಲ್ಕನೆಯ ವಾರದ ಹೊತ್ತಿಗೆ ತೂಕದ ಯಂತ್ರದ ಮುಳ್ಳು ಇದ್ದಕ್ಕಿದ್ದಂತೆ ಒಂದೇ ಕಡೆ ನಿಂತುಬಿಡುತ್ತದೆ. ಒಂದು ವಾರ ಕಳೆಯುತ್ತದೆ, ಎರಡು ವಾರ ಕಳೆಯುತ್ತದೆ, ಮುಳ್ಳು ಅಲುಗುವುದಿಲ್ಲ. ದಿನಕ್ಕೆ ನಾಲ್ಕಾರು ತುತ್ತು ತಿನ್ನುತ್ತಿದ್ದರೂ ತೂಕ ಇಳಿಯದಿದ್ದರೆ, ಇಷ್ಟು ಹಣ ಖರ್ಚು ಮಾಡಿ, ಇಷ್ಟು ನೋವು ಉಂಡದ್ದು ವ್ಯರ್ಥವಾಯಿತೇ ಎಂಬ ಕಳವಳ ಅವರನ್ನು ಆವರಿಸುತ್ತದೆ.

ಈ ನಿಲುಗಡೆ ಬಹುಪಾಲು ರೋಗಿಗಳಲ್ಲಿ ಒಂದಲ್ಲ ಒಂದು ಹಂತದಲ್ಲಿ ಕಂಡುಬರುವ ಸಹಜ ಸ್ಥಿತಿ. ಅದರಿಂದ ಆಗುವ ಹಾನಿ ಅಲ್ಪ. ಅದಕ್ಕೆ ಹೆದರಿ ಊಟವನ್ನು ಇನ್ನಷ್ಟು ಕಡಿಮೆ ಮಾಡುವುದರಿಂದ ಆಗುವ ಹಾನಿಯೇ ದೊಡ್ಡದು. ಆದ್ದರಿಂದ ಇದರ ಕಾರಣಗಳನ್ನು ರೋಗಿಗಳೂ ಅವರ ಮನೆಯವರೂ ತಿಳಿದಿರುವುದು ಒಳ್ಳೆಯದು.

ಶಸ್ತ್ರಚಿಕಿತ್ಸೆಯಲ್ಲಿ ಆಗುವುದೇನು?

ಹೆಚ್ಚಾಗಿ ನಡೆಯುವ ಶಸ್ತ್ರಚಿಕಿತ್ಸೆಗಳು ಎರಡು. ಮೊದಲನೆಯದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಇದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಬಾಳೆಹಣ್ಣಿನ ಆಕಾರದ ಕೊಳವೆಯನ್ನಾಗಿಸುತ್ತಾರೆ. ಹಸಿವನ್ನು ಕೆರಳಿಸುವ ಘ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ತೆಗೆದುಹಾಕಿದ ಆ ಭಾಗದಿಂದಲೇ. ಆದ್ದರಿಂದ ಹಸಿವೂ ತಗ್ಗುತ್ತದೆ. ಎರಡನೆಯದು ಗ್ಯಾಸ್ಟ್ರಿಕ್ ಬೈಪಾಸ್. ಇಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವೊಂದನ್ನು ರಚಿಸಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಇದರ ಮೂಲರೂಪವನ್ನು 1960ರ ದಶಕದಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮೇಸನ್ ಅವರು ರೂಪಿಸಿದರು.

ಎರಡರಲ್ಲಿಯೂ ತೂಕ ವೇಗವಾಗಿ ಇಳಿಯುವುದು ಮೊದಲ ಆರು ತಿಂಗಳಲ್ಲಿ. ಆಮೇಲೆ ಇಳಿಕೆ ನಿಧಾನವಾಗಿ, ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ ತೂಕ ಒಂದು ಮಟ್ಟದಲ್ಲಿ ನೆಲೆಗೊಳ್ಳುತ್ತದೆ. ಈ ಇಳಿಕೆ ಒಂದೇ ಸಮನಾದ ಇಳಿಜಾರಲ್ಲ, ಮೆಟ್ಟಿಲುಗಳ ಹಾಗೆ. ನಾಲ್ಕು ಮೆಟ್ಟಿಲು ಇಳಿದ ಮೇಲೆ ಒಂದಿಷ್ಟು ಸಮತಟ್ಟಾದ ಜಾಗ, ಮತ್ತೆ ಮೆಟ್ಟಿಲು.

ಮೊದಲ ನಿಲುಗಡೆ: ನೀರಿನ ಲೆಕ್ಕ

ನಾವು ತಿನ್ನುವ ಅನ್ನ, ರೊಟ್ಟಿ, ಮುದ್ದೆಗಳ ಪಿಷ್ಟದಲ್ಲಿ ಒಂದು ಪಾಲು ಗ್ಲೈಕೋಜನ್ ಎಂಬ ರೂಪದಲ್ಲಿ ಯಕೃತ್ತು ಮತ್ತು ಸ್ನಾಯುಗಳಲ್ಲಿ ಸಂಗ್ರಹವಾಗಿರುತ್ತದೆ. ಇದು ದೇಹದ ಕೈಖರ್ಚಿನ ಹಣವಿದ್ದಂತೆ. ಒಂದು ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಶಸ್ತ್ರಚಿಕಿತ್ಸೆಯಾದ ಕೂಡಲೇ ಆಹಾರ ತೀರ ಕಡಿಮೆಯಾಗುವುದರಿಂದ ದೇಹ ಮೊದಲು ಈ ಕೈಖರ್ಚನ್ನೇ ಬಳಸುತ್ತದೆ, ಜೊತೆಗಿದ್ದ ನೀರು ಮೂತ್ರವಾಗಿ ಹೊರಹೋಗುತ್ತದೆ. ಮೊದಲ ವಾರಗಳಲ್ಲಿ ಕಾಣುವ ಬಿರುಸಿನ ಇಳಿಕೆಯಲ್ಲಿ ಕೊಬ್ಬಿನ ಜೊತೆಗೆ ಈ ನೀರಿನ ಪಾಲೂ ಸಾಕಷ್ಟಿರುತ್ತದೆ.

ಕೆಲವು ವಾರಗಳ ನಂತರ ದ್ರವಾಹಾರದಿಂದ ಮೆದು ಆಹಾರಕ್ಕೆ ಬಂದಾಗ ಗ್ಲೈಕೋಜನ್ ಸ್ವಲ್ಪ ಸ್ವಲ್ಪವಾಗಿ ಮರಳಿ ತುಂಬಿಕೊಳ್ಳುತ್ತದೆ, ಅದರೊಡನೆ ನೀರೂ ಮರಳುತ್ತದೆ. ಅದೇ ವೇಳೆಗೆ ಕೊಬ್ಬು ಕರಗುತ್ತಲೇ ಇರುತ್ತದೆ. ಒಂದು ಕಿಲೋ ಕೊಬ್ಬು ಹೋಗಿ ಒಂದು ಕಿಲೋ ನೀರು ಬಂದರೆ ಯಂತ್ರ ಹಳೆಯ ಅಂಕಿಯನ್ನೇ ತೋರಿಸುತ್ತದೆ. ತೂಕದ ಯಂತ್ರಕ್ಕೆ ಕೊಬ್ಬು ಯಾವುದು, ನೀರು ಯಾವುದು ಎಂಬ ವಿವೇಚನೆಯಿಲ್ಲ. ಮಲಬದ್ಧತೆ, ಮಹಿಳೆಯರಲ್ಲಿ ಮುಟ್ಟಿನ ದಿನಗಳು, ಉಪ್ಪು ಹೆಚ್ಚಾದ ಊಟ ಇವೆಲ್ಲವೂ ಒಂದೆರಡು ಕಿಲೋಗಳ ಏರುಪೇರನ್ನು ತರಬಲ್ಲವು. ಈ ಮೊದಲ ನಿಲುಗಡೆ ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳಲ್ಲಿ ತಾನಾಗಿಯೇ ಬಿಡುತ್ತದೆ.

ನಂತರದ ನಿಲುಗಡೆ: ದೇಹದ ಮಿತವ್ಯಯ

ಆರನೆಯ ತಿಂಗಳ ಬಳಿಕ ಬರುವ ನಿಲುಗಡೆಗೆ ಕಾರಣ ಬೇರೆ. 25 ಕಿಲೋ ಅಕ್ಕಿಯ ಚೀಲವನ್ನು ಹೊತ್ತು ಮೆಟ್ಟಿಲು ಹತ್ತುವವರಿಗೂ ಬರಿಗೈಯಲ್ಲಿ ಹತ್ತುವವರಿಗೂ ಶ್ರಮದಲ್ಲಿ ಎಷ್ಟು ವ್ಯತ್ಯಾಸ! 25 ಕಿಲೋ ತೂಕ ಇಳಿಸಿದವರು ಆ ಚೀಲವನ್ನು ಕೆಳಗಿಟ್ಟಂತೆಯೇ. ಕುಳಿತಾಗಲೂ ನಡೆದಾಗಲೂ ಅವರ ದೇಹಕ್ಕೆ ಮೊದಲಿನಷ್ಟು ಶಕ್ತಿ ಬೇಕಾಗುವುದಿಲ್ಲ. ಮೊದಲ ತಿಂಗಳುಗಳಲ್ಲಿ ತೂಕ ಇಳಿಸಿದ ಅದೇ ಪ್ರಮಾಣದ ಆಹಾರ ಈಗ ತೂಕವನ್ನು ಇದ್ದಲ್ಲಿಯೇ ಉಳಿಸುತ್ತದೆ.

ಇದರ ಜೊತೆಗೆ, ಆಹಾರ ಕಡಿಮೆಯಾದಾಗ ದೇಹ ತನ್ನ ಖರ್ಚನ್ನೂ ಬಿಗಿಹಿಡಿಯುತ್ತದೆ. ಎರಡನೆಯ ಮಹಾಯುದ್ಧದ ಕೊನೆಯ ಭಾಗದಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಇದನ್ನು ಕೂಲಂಕಷವಾಗಿ ಅಧ್ಯಯನ ಮಾಡಿದರು. ಶಸ್ತ್ರ ಹಿಡಿಯಲು ಒಪ್ಪದ 36 ಯುವಕರು ಸ್ವಇಚ್ಛೆಯಿಂದ 24 ವಾರ ಅರೆಹೊಟ್ಟೆಯಲ್ಲಿದ್ದರು. ಅವರ ತೂಕ ಮೊದಮೊದಲು ಬೇಗ ಇಳಿದು, ಬರಬರುತ್ತ ಇಳಿಕೆ ಮಂದವಾಯಿತು. ಅವರ ದೇಹದ ಮೂಲ ಶಕ್ತಿವ್ಯಯ, ತೂಕ ಇಳಿದ ಪ್ರಮಾಣಕ್ಕಿಂತಲೂ ಹೆಚ್ಚಾಗಿ ತಗ್ಗಿತ್ತು. ಮೈಯಲ್ಲಿ ನೀರು ತುಂಬಿಕೊಂಡು ಬಾವು ಬಂದದ್ದೂ ಉಂಟು. ಅವರು ತೆಳ್ಳಗಿದ್ದ ಆರೋಗ್ಯವಂತರು, ಅವರಿಗೆ ಶಸ್ತ್ರಚಿಕಿತ್ಸೆಯೂ ಆಗಿರಲಿಲ್ಲ. ಆದರೂ ಬರಗಾಲದಲ್ಲಿ ದೇಹ ಹೇಗೆ ಮಿತವ್ಯಯಿಯಾಗುತ್ತದೆ ಎಂಬುದಕ್ಕೆ ಅವರ ಅನುಭವ ಸಾಕ್ಷಿಯಾಗಿದೆ.

ಉಪವಾಸ ಪರಿಹಾರವಲ್ಲ

ಮುಳ್ಳು ನಿಂತ ಕೂಡಲೇ ಹಲವರಿಗೆ ಹೊಳೆಯುವ ಉಪಾಯ ಉಪವಾಸ. ಒಂದು ಹೊತ್ತಿನ ಊಟ ಬಿಡುತ್ತಾರೆ, ಇಲ್ಲವೆ ಹಣ್ಣಿನ ರಸದ ಮೇಲೆ ದಿನ ದೂಡುತ್ತಾರೆ. ಈಗಾಗಲೇ ಅತ್ಯಲ್ಪ ತಿನ್ನುತ್ತಿರುವ ದೇಹಕ್ಕೆ ಇದು ಅಪಾಯಕಾರಿ. ಸಸಾರಜನಕ ಸಾಲದಾದಾಗ ದೇಹ ಕೊಬ್ಬಿನ ಜೊತೆಗೆ ಸ್ನಾಯುಗಳನ್ನೂ ಕರಗಿಸುತ್ತದೆ. ವಿಶ್ರಾಂತಿಯಲ್ಲಿದ್ದಾಗಲೂ ಶಕ್ತಿಯನ್ನು ವ್ಯಯಿಸುವ ಸ್ನಾಯು ಕಡಿಮೆಯಾದಷ್ಟೂ ಮುಂದೆ ತೂಕ ಇಳಿಯುವುದು ಕಷ್ಟವಾಗುತ್ತದೆ. ಆಯಾಸ, ತಲೆಸುತ್ತು, ಕೂದಲುದುರುವಿಕೆ ಹೆಚ್ಚುತ್ತವೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತದ ಸಕ್ಕರೆ ಏಕಾಏಕಿ ಕುಸಿಯಬಹುದು.

ಶಿವರಾತ್ರಿಯಂಥ ಉಪವಾಸದ ದಿನಗಳಲ್ಲಿ ಏನು ಮಾಡಬೇಕೆಂಬ ಪ್ರಶ್ನೆ ಸಹಜ. ಶಸ್ತ್ರಚಿಕಿತ್ಸೆಯಾದವರು ನೀರನ್ನೂ ಬಿಟ್ಟು ಉಪವಾಸ ಮಾಡಕೂಡದು. ಅವರ ಪುಟ್ಟ ಜಠರಕ್ಕೆ ಒಂದೇ ಸಲ ಹೆಚ್ಚು ನೀರು ಕುಡಿಯಲಾಗದು, ದಿನವಿಡೀ ಗುಟುಕು ಗುಟುಕಾಗಿ ಕುಡಿಯಬೇಕು. ಒಂದು ದಿನ ತಪ್ಪಿದರೂ ನಿರ್ಜಲೀಕರಣವಾಗಬಹುದು. ವ್ರತದ ಮೊದಲೇ ವೈದ್ಯರನ್ನು ಕೇಳಿ, ಹಾಲು, ಮಜ್ಜಿಗೆಗಳ ಮಿತಾಹಾರದಿಂದ ಅದನ್ನು ಪಾಲಿಸುವುದು ಕ್ಷೇಮ.

ಸಸ್ಯಾಹಾರದಲ್ಲಿ ಸಸಾರಜನಕ

ಶಸ್ತ್ರಚಿಕಿತ್ಸೆಯಾದವರಿಗೆ ದಿನಕ್ಕೆ ಸಾಮಾನ್ಯವಾಗಿ 60ರಿಂದ 80 ಗ್ರಾಂ ಸಸಾರಜನಕ ಬೇಕೆಂದು ಹೇಳಲಾಗುತ್ತದೆ. ಸಸ್ಯಾಹಾರಿಗಳಿಗೆ ಇದು ಅಸಾಧ್ಯವಲ್ಲ, ಆದರೆ ಲೆಕ್ಕವಿಟ್ಟು ತಿನ್ನಬೇಕು. ಒಂದು ಲೋಟ ಹಾಲಿನಲ್ಲಿ ಆರೇಳು ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ, 30 ಗ್ರಾಂ ಬೇಳೆಯನ್ನು ಬೇಯಿಸಿದ ಗಟ್ಟಿ ತೊವ್ವೆಯಲ್ಲಿ ಸುಮಾರು 7 ಗ್ರಾಂ, ಅಷ್ಟೇ ತೂಕದ ಹೆಸರುಕಾಳಿನ ಉಸುಳಿಯಲ್ಲಿಯೂ ಅಷ್ಟೇ, 25 ಗ್ರಾಂ ಒಣ ಸೋಯಾ ಉಂಡೆಗಳಲ್ಲಿ ಸುಮಾರು 13 ಗ್ರಾಂ, ಒಂದು ಬಟ್ಟಲು ಮೊಸರಿನಲ್ಲಿ ಸುಮಾರು 5 ಗ್ರಾಂ ಸಸಾರಜನಕವಿರುತ್ತದೆ. ಒಂದು ಜೋಳದ ರೊಟ್ಟಿಯಲ್ಲಿ ದೊರೆಯುವುದು ನಾಲ್ಕೈದು ಗ್ರಾಂ ಮಾತ್ರ.

ಆದ್ದರಿಂದ ಊಟದ ಕ್ರಮವನ್ನು ಬದಲಿಸಿಕೊಳ್ಳಬೇಕು. ಮೊದಲು ಕಾಳು, ಬೇಳೆ, ಪನೀರು. ಅನಂತರ ಪಲ್ಯ. ಜಾಗ ಉಳಿದರೆ ಕೊನೆಗೆ ರೊಟ್ಟಿ ಅಥವಾ ಅನ್ನ. ದ್ರವಾಹಾರದ ಹಂತದಲ್ಲಿರುವವರಿಗೆ ಮನೆಯವರು ಅಕ್ಕರೆಯಿಂದ ಬೇಳೆಯ ತಿಳಿಗಟ್ಟನ್ನು ಕೊಡುತ್ತಾರೆ. ಆದರೆ ಸಸಾರಜನಕವಿರುವುದು ತಳದಲ್ಲಿ ಉಳಿದ ಬೇಳೆಯಲ್ಲಿ. ವೈದ್ಯರು ಅನುಮತಿಸಿದ ಮೇಲೆ ಬೇಳೆಯನ್ನೇ ನುಣ್ಣಗೆ ಕಡೆದು ಕೊಡಬೇಕು. ಆಹಾರದಿಂದ ಪೂರೈಸಲಾಗದಿದ್ದರೆ ಆಹಾರತಜ್ಞರು ಸೂಚಿಸುವ ಸಸಾರಜನಕದ ಪುಡಿಯನ್ನು ಬಳಸಬಹುದು.

ಅರಿವಿಲ್ಲದೆ ಒಳಸೇರುವ ಆಹಾರ

ಒಂದು ವಾರ ತಿಂದದ್ದು, ಕುಡಿದದ್ದು ಎಲ್ಲವನ್ನೂ ಪ್ರಾಮಾಣಿಕವಾಗಿ ಬರೆದಿಟ್ಟರೆ ನಿಲುಗಡೆಯ ಕಾರಣ ಎಷ್ಟೋ ಸಲ ಅಲ್ಲಿಯೇ ಸಿಗುತ್ತದೆ. ಪುಟ್ಟ ಜಠರವನ್ನು ಗಟ್ಟಿ ಆಹಾರ ಬೇಗ ತುಂಬಿಸುತ್ತದೆ, ದ್ರವವಾದರೋ ಜಾರಿಹೋಗುತ್ತದೆ. ದಿನಕ್ಕೆ ನಾಲ್ಕು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಸಕ್ಕರೆಯೊಂದರಿಂದಲೇ ನೂರಿಪ್ಪತ್ತಕ್ಕೂ ಹೆಚ್ಚು ಕ್ಯಾಲೊರಿ. ಬಿಸ್ಕತ್ತು, ಚೂಡಾ, ಚಕ್ಕುಲಿಗಳೂ ಬಾಯಲ್ಲಿ ಕರಗಿ ಸುಲಭವಾಗಿ ಇಳಿಯುತ್ತವೆ. ಊಟದ ನಡುವೆ ನೀರು ಕುಡಿದರೆ ಆಹಾರ ಬೇಗ ಕೆಳಗಿಳಿದು ಮತ್ತೆ ಹಸಿವಾಗಬಹುದು. ಊಟವಾದ ಅರ್ಧ ಗಂಟೆಯ ನಂತರ ನೀರು ಕುಡಿಯುವ ಅಭ್ಯಾಸ ಒಳ್ಳೆಯದು.

ನಡಿಗೆಯೊಂದಿಗೆ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವೂ ಬೇಕು. ವೈದ್ಯರ ಒಪ್ಪಿಗೆ ಪಡೆದು, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ನೀರು ತುಂಬಿದ ಬಾಟಲಿಗಳನ್ನು ಎತ್ತಿಳಿಸುವುದು ಇಂಥವುಗಳಿಂದ ಮನೆಯಲ್ಲಿಯೇ ಆರಂಭಿಸಬಹುದು. ತೂಕವನ್ನು ದಿನಕ್ಕೆ ಮೂರು ಸಲ ನೋಡುವ ಬದಲು ವಾರಕ್ಕೊಮ್ಮೆ, ಒಂದೇ ವಾರ, ಬೆಳಿಗ್ಗೆ ಒಂದೇ ವೇಳೆಗೆ ನೋಡಬೇಕು. ತಿಂಗಳಿಗೊಮ್ಮೆ ಸೊಂಟದ ಸುತ್ತಳತೆಯನ್ನು ಬರೆದಿಡಬೇಕು. ಮುಳ್ಳು ನಿಂತಿದ್ದರೂ ರವಿಕೆ, ಅಂಗಿಗಳು ಸಡಿಲವಾಗುತ್ತಿದ್ದರೆ ಕೊಬ್ಬು ಕರಗುತ್ತಿದೆ ಎಂದೇ ಅರ್ಥ.

ಬಡಿಸುವವರ ಹೊಣೆ

ನಮ್ಮಲ್ಲಿ ಒತ್ತಾಯಿಸಿ ಬಡಿಸುವುದು ಪ್ರೀತಿಯ ಗುರುತು. ಪ್ರಸಾದವನ್ನು ಎಲೆಯಲ್ಲಿ ಬಿಡಬಾರದೆಂಬುದು ನಾವು ಚಿಕ್ಕಂದಿನಿಂದ ಪಾಲಿಸಿಕೊಂಡು ಬಂದ ನಡೆ. ಶಸ್ತ್ರಚಿಕಿತ್ಸೆಯಾದವರು ಈ ಎರಡರ ನಡುವೆ ಸಿಕ್ಕಿಕೊಳ್ಳುತ್ತಾರೆ. ಬಿಟ್ಟರೆ ತಪ್ಪು, ತಿಂದರೆ ವಾಂತಿ. ಅನೇಕರು ಈ ಮುಜುಗರಕ್ಕಾಗಿಯೇ ಪಂಕ್ತಿಯಲ್ಲಿ ಕೂರುವುದನ್ನು ಬಿಟ್ಟುಬಿಡುತ್ತಾರೆ. ಹಾಗೆ ದೂರ ಉಳಿಯಬೇಕಾಗಿಲ್ಲ. ಮೊದಲೇ ಕೈಯೊಡ್ಡಿ ಒಂದೊಂದು ಚಮಚದಷ್ಟು ಬಡಿಸಿಕೊಂಡರೆ ಬಿಡುವ ಪ್ರಸಂಗವೇ ಬರುವುದಿಲ್ಲ. ಸಾಕೆಂದವರಿಗೆ ಮತ್ತೊಮ್ಮೆ ಬಡಿಸದಿರುವುದು ಬಡಿಸುವವರು ತೋರಬೇಕಾದ ಅಂತಃಕರಣ. ಹಾಗೆಯೇ "ಇಷ್ಟು ಖರ್ಚು ಮಾಡಿಯೂ ಇನ್ನೂ ಇಷ್ಟೇ ಇಳಿದಿದೆಯೇ?" ಎಂದು ಕೇಳುವ ನಾಲಿಗೆಯನ್ನೂ ಹಿಡಿಯಬೇಕು. ಮುಳ್ಳು ನಿಂತ ದಿನಗಳಲ್ಲಿ ಆ ಒಂದು ಮಾತು ರೋಗಿಯನ್ನು ಊಟ ಬಿಡುವಷ್ಟು ಕುಗ್ಗಿಸಬಲ್ಲದು.

ವೈದ್ಯರನ್ನು ಯಾವಾಗ ಕಾಣಬೇಕು?

ಮೊದಲ ವರ್ಷದಲ್ಲಿ ಆರೇಳು ವಾರ ಕಳೆದರೂ ತೂಕವಾಗಲಿ ಸುತ್ತಳತೆಯಾಗಲಿ ಇಳಿಯದಿದ್ದರೆ, ತೂಕ ಏರುತ್ತಲೇ ಇದ್ದರೆ, ಅಥವಾ ಮೊದಲಿಗಿಂತ ಬಹಳ ಹೆಚ್ಚು ತಿನ್ನಲು ಸಾಧ್ಯವಾಗುತ್ತಿದ್ದರೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಕಾಣಬೇಕು. ಥೈರಾಯ್ಡ್ ಕೊರತೆ, ಸ್ಟೀರಾಯ್ಡ್, ಇನ್ಸುಲಿನ್ ಮತ್ತು ಕೆಲವು ಮಾನಸಿಕ ರೋಗಗಳ ಔಷಧಗಳು ತೂಕವನ್ನು ತಡೆಹಿಡಿಯಬಲ್ಲವು. ಆದರೆ ಯಾವ ಔಷಧವನ್ನೂ ತಾವಾಗಿಯೇ ನಿಲ್ಲಿಸಬಾರದು. ತೂಕ ನಿಂತಿತೆಂಬ ಬೇಸರದಿಂದ ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳನ್ನೂ ರಕ್ತಪರೀಕ್ಷೆಯನ್ನೂ ಬಿಡಕೂಡದು. ಇವು ಜೀವನಪರ್ಯಂತ ನಡೆಯಬೇಕಾದವು.

ಕೆಲವು ಲಕ್ಷಣಗಳಿಗೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಿಲ್ಲದ ವಾಂತಿ, ನೀರೂ ಒಳಗೆ ನಿಲ್ಲದಿರುವುದು, ತೀವ್ರ ಹೊಟ್ಟೆನೋವು, ಜ್ವರ, ಎದೆಬಡಿತದ ವೇಗ, ಉಸಿರಾಟದ ತೊಂದರೆ, ಕಪ್ಪು ಮಲ ಇವು ಅಪಾಯದ ಸೂಚನೆಗಳು. ವಾಂತಿಯ ಜೊತೆಗೆ ಕಾಲುಗಳಲ್ಲಿ ಬಲಹೀನತೆ, ಒಂದು ವಸ್ತು ಎರಡಾಗಿ ಕಾಣುವುದು, ಗೊಂದಲದ ಮಾತು ಕಂಡುಬಂದರೆ ಅದು ಥಯಮಿನ್ ಎಂಬ ಬಿ1 ಜೀವಸತ್ವದ ತೀವ್ರ ಕೊರತೆಯಾಗಿರಬಹುದು. ಕೂಡಲೇ ಚಿಕಿತ್ಸೆ ದೊರೆಯದಿದ್ದರೆ ಮೆದುಳಿಗೆ ಶಾಶ್ವತ ಹಾನಿಯಾಗುತ್ತದೆ. ತೂಕ ಇಳಿಯಲೆಂದು ಊಟ ಬಿಟ್ಟವರಲ್ಲಿ ಈ ಕೊರತೆಯ ಸಾಧ್ಯತೆ ಇನ್ನೂ ಹೆಚ್ಚು.

ಕೊನೆಯದಾಗಿ, ಈ ಶಸ್ತ್ರಚಿಕಿತ್ಸೆಯ ಫಲವನ್ನು ಒಂದು ಅಂಕಿಯಿಂದ ಅಳೆಯಬಾರದು. ಸಕ್ಕರೆ ಕಾಯಿಲೆಯ ಮಾತ್ರೆ ಕಡಿಮೆಯಾಯಿತೇ, ರಕ್ತದೊತ್ತಡ ಹತೋಟಿಗೆ ಬಂದಿತೇ, ಮೊಣಕಾಲಿನ ನೋವು ತಗ್ಗಿತೇ, ರಾತ್ರಿ ಗೊರಕೆಯಿಲ್ಲದೆ ನಿದ್ರೆ ಬರುತ್ತಿದೆಯೇ ಎಂದು ನೋಡಬೇಕು. ಮುಳ್ಳು ನಿಂತ ವಾರಗಳಲ್ಲಿಯೂ ಈ ಸುಧಾರಣೆಗಳು ಸಾಗುತ್ತಿರಬಹುದು. ಆ ದಿನಗಳಲ್ಲಿ ರೋಗಿ ಮಾಡಬೇಕಾದದ್ದು ನಿನ್ನೆಯವರೆಗೆ ಮಾಡುತ್ತಿದ್ದುದನ್ನೇ: ಹೊತ್ತಿಗೆ ಸರಿಯಾಗಿ, ಮಿತವಾಗಿ, ಸಸಾರಜನಕವುಳ್ಳ ಆಹಾರವನ್ನು ಚೆನ್ನಾಗಿ ಅಗಿದು ತಿನ್ನುವುದು, ಗುಟುಕು ಗುಟುಕಾಗಿ ನೀರು ಕುಡಿಯುವುದು, ನಡೆಯುವುದು, ಮಾತ್ರೆಗಳನ್ನು ತಪ್ಪಿಸದಿರುವುದು.